ಒಂದಿಂಚು ಸಾಕು

ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ, ನನ್ನ ಪಕ್ಕ, ದರ್ಜಿ ಕೆಲಸದ ಗಂಡ ಹೆಂಡತಿ ಕೂತಿದ್ದರು. ಹೆಂಡತಿಯ ಬಲಭುಜ ಬಿಗಿದುಕೊಂಡಿತ್ತು.

“ಮನೇಲಿ ದಿನಾ ಬೆರಳನ್ನ ಗೋಡೆ ಮೇಲೆ ಹತ್ತಿಸಿ ಹತ್ತಿಸಿ ಸಾಕಾಯ್ತು ಕಣ್ರೀ.”

“ನಿನ್ನೆ ನಿನ್ನ ಕೈ ಮುಟ್ಟಿದಲ್ಲಿ ನಾನು ಹಾಕಿದ ಗೆರೆ ಇವತ್ತು ದಾಟಿದ್ಯಲ್ಲೇ!”

“ದಿನಾ ದಾಟ್ತೀನಿ. ಜಡೆ ಹಾಕ್ಕೊಳಕ್ಕೆ ಮಾತ್ರ ಕೈ ಏಳಲ್ಲ.”

“ನಿಧಾನಕ್ಕೆ ಆಗತ್ತೆ.”

“ಟೇಪ್ ಹಿಡಿದು ನೋಡ್ದೆ. ನಾನು ಸ್ನಾನಕ್ಕೆ ಹೋದಾಗ ಗೆರೆ ಅಳಿಸಿ, ಎರಡಿಂಚು ಕೆಳಗೆ ಹಾಕ್ತೀರಿ. ಮೂವತ್ತು ವರ್ಷ ಅಳತೇಲಿ ಕೂದಲೆಳೆಯಷ್ಟೂ ತಪ್ಪದೋರು!”



“ವ್ಯಾಯಾಮ ಬಿಟ್ಬಿಡ್ತೀನಿ ಅಂತಿದ್ಯಲ್ಲ, ಅದಕ್ಕೆ.”

ಒಳಗಿನಿಂದ ಕರೆ ಬಂತು. ಆಕೆ ಎಡಗೈಯನ್ನು ಗಂಡನ ಹೆಗಲಿಗೆ ಊರಿ ಎದ್ದರು.

“ನಾಳೇನೂ ಕೆಳಗೇ ಹಾಕಿ. ಆದ್ರೆ ಒಂದಿಂಚು ಸಾಕು.”