ಉಳಿದ ಅರ್ಧ ಹೇಳುವವರು ಯಾರು?

ನಮ್ಮ ಈ ಚರ್ಚಿನಂಥದೇ ಒಂದು ಧರ್ಮಕೇಂದ್ರ ಅಂದುಕೊಳ್ಳಿ, ವಿಶ್ವಾಸಿಗಳೇ. ಅಲ್ಲೊಬ್ಬ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ತಪ್ಪೆಲ್ಲ ಅವನ ತಲೆಗೆ ಕಟ್ಟಿ ನೀವು ನೆಮ್ಮದಿಯಾಗಿ ಕೂತುಬಿಡುತ್ತೀರಿ.

ಚರ್ಚಿನ ಅಂಗಳದಲ್ಲಿರುವ ಮಾತೆ ಮರಿಯಮ್ಮನವರ ಗವಿಗೆ ಗ್ರಾನೈಟ್ ಹಾಕಿಸಿದವನು ಅವನೇ. ಮಗಳು ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸಿದ ದಿನ ಊರಿಗೆಲ್ಲ ಬಿರಿಯಾನಿ ಬಡಿಸಿದವನೂ ಅವನೇ. ಬಿರಿಯಾನಿ ಮುಗಿಯಿತು, ಮಗಳ ಜ್ಞಾನೋಪದೇಶದ ಕ್ಲಾಸೂ ಮುಗಿಯಿತು. ಮುಂದಿನ ಭಾನುವಾರದಿಂದ ಆ ಹುಡುಗಿ ಪೂಜೆ ಮುಗಿದ ಕೂಡಲೇ ಗಣಿತದ ಟ್ಯೂಷನ್ನಿಗೆ.

ಅಲ್ಲಿ ಭಾನುವಾರದ ಪೂಜೆಯಾದ ಮೇಲೆ ಮಕ್ಕಳಿಗೆ ಪ್ರಾರ್ಥನೆ, ಜ್ಞಾನೋಪದೇಶ ಕಲಿಸುತ್ತಿದ್ದವರು ಇನ್ನಾಸಮ್ಮ. ಹೊಲಿಗೆ ಮಾಡಿ ಬದುಕುವ ಹೆಂಗಸು. ಹುಡುಗಿಯನ್ನು ಕಳಿಸಿ ಎಂದು ಕೇಳಲು ಮೂರು ಸಲ ಅವನ ಮನೆಗೆ ಹೋದರು. ಮೂರನೆಯ ಸಲ ಅವನು ಅವರನ್ನು ಗೇಟಿನಲ್ಲೇ ನಿಲ್ಲಿಸಿದ.

"ಟೀಚರಮ್ಮ, ನಿಮ್ಮ ಕ್ಲಾಸಿಗೆ ಬಂದ್ರೆ ಎಸ್ಸೆಸ್ಸೆಲ್ಸೀಲಿ ಮಾರ್ಕ್ಸ್ ಕೊಡ್ತಾರಾ? ಜಪ, ಪ್ರಾರ್ಥನೆ ಎಲ್ಲಾ ಮನೇಲಿ ನಮ್ಮಮ್ಮ ನೋಡ್ಕೋತಾರೆ, ಬಿಡಿ."

ನೋಡಿ, ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಮ್ಮ ನೋಡಿಕೊಳ್ಳುತ್ತಾರೆ! ಸಂಜೆ ಏಳಕ್ಕೆ ಮುದುಕಿ ಜಪಮಾಲೆ ಹಿಡಿದು ಕೂರುತ್ತಿದ್ದಳು. ಮಗ ಟಿವಿ ಮುಂದೆ, ಸೊಸೆ ಫೋನಿನಲ್ಲಿ, ಮೊಮ್ಮಗಳು ಕೋಣೆಯೊಳಗೆ. ಜಪಮಾಲೆಯ ಕ್ರಮ ನಿಮಗೆ ಗೊತ್ತೇ ಇದೆ. ಒಂದೊಂದು ಮಣಿಯ ಪ್ರಾರ್ಥನೆಯಲ್ಲೂ ಒಬ್ಬರು ಅರ್ಧ ಹೇಳಬೇಕು, ಉಳಿದವರು ಮಿಕ್ಕ ಅರ್ಧ ಹೇಳಬೇಕು. ಆ ಮನೆಯಲ್ಲಿ ಎರಡೂ ಅರ್ಧ ಮುದುಕಿಯ ಪಾಲಿಗೇ ಬಿದ್ದಿತ್ತು.

ಒಂದು ಬುಧವಾರ ಅವಳ ಕೊನೆಗಾಲ ಬಂತು. ಬೆಳಿಗ್ಗೆ ಗುರುಗಳು ಬಂದು ಪವಿತ್ರ ತೈಲ ಹಚ್ಚಿ ಹೋಗಿದ್ದರು. ಮಧ್ಯಾಹ್ನ ಉಸಿರು ಸಿಕ್ಕಿಕೊಳ್ಳತೊಡಗಿತು. ಅವಳು ಮಗನ ಕೈ ಹಿಡಿದು "ನಮೋ ಮರಿಯ" ಎಂದು ಶುರುಮಾಡಿದಳು. ಕಷ್ಟಪಟ್ಟು ಅರ್ಧ ಹೇಳಿದಳು. ನಿಲ್ಲಿಸಿದಳು. ಮಗನ ಮುಖ ನೋಡಿದಳು.

ಅವನು ಬಾಯಿ ತೆರೆದ. "ಸಂತ ಮರಿಯ, ದೇವರ ಮಾತೆಯೇ..." ಆಮೇಲೆ? ಆಮೇಲೆ ಏನೂ ಇಲ್ಲ. ಗವಿಯ ಗ್ರಾನೈಟಿನ ಬಣ್ಣ ನೆನಪಿತ್ತು, ಅಳತೆ ನೆನಪಿತ್ತು, ಪ್ರಾರ್ಥನೆ ನೆನಪಿರಲಿಲ್ಲ. ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಹೇಳಮ್ಮ, ನಿನಗೆ ಬರುತ್ತಲ್ಲ ಎಂದು ಮಗಳನ್ನು ಅಂಗಲಾಚಿದ.

"ಮರೆತುಹೋಯ್ತಪ್ಪಾ," ಎಂದಳು ಹುಡುಗಿ ಅಳುತ್ತಾ. "ಕ್ಲಾಸು ನೀವೇ ಬಿಡಿಸಿದ್ರಲ್ಲ."

ಕಪಾಳಕ್ಕೆ ಹೊಡೆದಂತಾಯಿತು ಅವನಿಗೆ. ಫೋನಿನಲ್ಲಿ ಜಪಮಾಲೆ ಹುಡುಕಿ ಹಚ್ಚಿದ. ಯಾರೋ ಗುರುತಿಲ್ಲದವರು ಎರಡೂ ಅರ್ಧ ಗಡಗಡನೆ ಹೇಳಿಕೊಂಡು ಹೋದರು. ಮುದುಕಿ ಆ ಫೋನನ್ನು ಕೈಯಿಂದ ದೂಡಿದಳು. ಮತ್ತೆ ತನ್ನ ಅರ್ಧ ಹೇಳಿದಳು. ಮತ್ತೆ ಕಾದಳು. ಯಾರೂ ಹೇಳಲಿಲ್ಲ. ಕೊನೆಗೆ ತಾನೇ ಹೇಳಿದಳು: "ನಮಗಾಗಿ, ಈಗಲೂ, ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ." ಆಮೆನ್ ಎನ್ನಲು ಉಸಿರು ಉಳಿಯಲಿಲ್ಲ. ಸುತ್ತ ನಿಂತವರಿಗೆ ಆಮೆನ್ ಎನ್ನಬೇಕೆಂದೂ ತೋಚಲಿಲ್ಲ.

ಅವನ ಮೇಲೆ ಸಿಟ್ಟು ಬರುತ್ತಿದೆಯಾ? ನನಗೆ ಸಿಟ್ಟು ಅವನ ಮೇಲಲ್ಲ. ಕಳೆದ ಭಾನುವಾರ ಈ ಬೆಂಚುಗಳೆಲ್ಲ ತುಂಬಿದ್ದವು. ಪೂಜೆ ಮುಗಿದ ಮೇಲೆ ಜ್ಞಾನೋಪದೇಶದ ಕೋಣೆಗೆ ಹೋದರೆ ಹನ್ನೊಂದು ಮಕ್ಕಳು! ಉಳಿದವರನ್ನು ಎಲ್ಲಿ ಬಚ್ಚಿಟ್ಟಿದ್ದೀರಿ? ಮಗುವನ್ನು ವಿಶ್ವಾಸದಲ್ಲಿ ಬೆಳೆಸುತ್ತೇವೆ ಎಂದು ಜ್ಞಾನಸ್ನಾನದ ದಿನ ಇದೇ ಪೀಠದ ಮುಂದೆ ಮಾತು ಕೊಟ್ಟವರು ಯಾರು? ಟೀಚರಾ? ಗುರುವಾದ ನಾನಾ? ನೀವು!

ಟ್ಯೂಷನ್ನಿನ ಮೇಷ್ಟ್ರಿಗೆ ಹೇಳಿ, ಭಾನುವಾರ ಪೂಜೆಯಾದ ಮೇಲಿನ ಒಂದು ಗಂಟೆ ಮಗು ಬರುವುದಿಲ್ಲ ಅಂತ. ಮಗುವನ್ನು ಆ ಕೋಣೆಯಲ್ಲಿ ಬಿಟ್ಟು ಕಾರಿನಲ್ಲಿ ಹೋಗಿ ಕೂರಬೇಡಿ. ಹಿಂದಿನ ಬೆಂಚಿನಲ್ಲಿ ನೀವೂ ಕೂತು ಕೇಳಿ, ನಿಮಗೂ ಮರೆತಿದೆ. ಇವತ್ತು ಸಂಜೆ ಏಳಕ್ಕೆ ಟಿವಿ ಆರಿಸಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಮೊದಲ ಅರ್ಧ ನೀವು ಹೇಳಿ. ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ, ಉಳಿದ ಅರ್ಧ ನಿಮ್ಮ ಮನೆಯಲ್ಲಿ ಯಾರ ಬಾಯಿಂದ ಬರುತ್ತದೆ ಅಂತ.