ಬಗ್ಗದ ಅಟ್ಟೆ

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ, ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತ ಕುಳಿತಿದ್ದೆ. ಪಕ್ಕದಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ತಮ್ಮ ಕಾಲಿನ ಊದಿದ ಹೆಬ್ಬೆರಳನ್ನೇ ನೋಡುತ್ತಿದ್ದರು. ಅವರ ಹೆಂಡತಿ ಅವರನ್ನು.

“ಡಾಕ್ಟ್ರು ಹೇಳಿದ್ದು ಕೇಳಿಸ್ತಾ? ಕೀಲು ಸವೆದಿದೆಯಂತೆ. ಬೆರಳು ಬಗ್ಗದ ಹಾಗೆ ಚಪ್ಪಲಿಗೆ ಗಟ್ಟಿ ಅಟ್ಟೆ ಹಾಕ್ಕೋಬೇಕಂತೆ.”

“ಕೇಳಿಸ್ತು ಕಣೆ. ನಾನು ನೋವಿಗೆ ಅಂತ ಹತ್ತಿಯಂಥ ಚಪ್ಪಲಿ ಮಾಡ್ಕೊಂಡೆ. ಹೆಜ್ಜೆಹೆಜ್ಜೆಗೂ ಬೆರಳು ಬಗ್ಗಿ ಇನ್ನೂ ಕೆಡ್ತು.”

“ಮೂರು ತಿಂಗಳಲ್ಲಿ ಕಡಿಮೆಯಾಗದಿದ್ರೆ ಆಪರೇಷನ್ ಮಾಡಿ ಕೀಲು ಕೂಡಿಸಿಬಿಡ್ತಾರಂತೆ. ಆಮೇಲೆ ಅದು ಬಗ್ಗೋದೇ ಇಲ್ಲ. ಹೊಲಿಯುವಾಗ ತೊಗಲು ಒತ್ತಿ ಹಿಡಿಯೋದು ಆ ಬೆರಳಲ್ಲೇ ತಾನೆ?”

“ಅಲ್ಲೀವರೆಗೂ ಬಿಡ್ತೀನಾ? ಸಂಜೆಯೇ ಅಟ್ಟೆ ಕತ್ತರಿಸ್ತೀನಿ. ತೊಗಲನ್ನ ಮಂಡಿ ಸಂದೀಲಿ ಹಿಡಿದರಾಯ್ತು.”

“ಅಂಗಡೀಲೇ ಕೊಳ್ಳೋಣ ರೀ. ನಿಮ್ಮ ಕೈ ಸುಮ್ನಿರಲ್ಲ, ಮತ್ತೆ ಮೆತ್ತಗೆ ಮಾಡಿಬಿಡುತ್ತೆ.”

“ನಾನು ಚಪ್ಪಲಿ ಕೊಳ್ಳೋದಾ? ಜನ ನಗ್ತಾರೆ.”

“ಹಾಗಾದ್ರೆ ನಾನು ಎದುರಿಗೇ ಕೂತಿರ್ತೀನಿ. ನನ್ನ ಕೈಯಲ್ಲಿ ಒಂಚೂರು ಬಗ್ಗಿದ್ರೂ ವಾಪಸ್ಸು.”

“ಇಷ್ಟು ವರ್ಷದಲ್ಲಿ ಇಂಥ ಗಿರಾಕಿ ಬಂದಿರ್ಲಿಲ್ಲ ಬಿಡು!”

ಮಾತ್ರೆಯ ಪೊಟ್ಟಣ ಬಂತು. ಅವರು ಹಿಮ್ಮಡಿಯ ಮೇಲೆ ಭಾರ ಹಾಕಿ ಎದ್ದರು. ಬಾಗಿಲ ಬಳಿ ಆಕೆಯ ದನಿ ಕೇಳಿಸಿತು:

“ಎಷ್ಟು ಪದರ ಹಾಕ್ತೀರಿ?”

“ಮೂರು.”

“ನಾಲ್ಕು ಹಾಕಿ.”