ಕೆಂಪಿನ ಮೇಲೆ ಕೆಂಪು

ಕಾರ್ಖಾನೆ ಸಾಮಾನಿನ ಅಂಗಡಿಯಲ್ಲಿ ಕೈಗವಸು ಕೊಳ್ಳಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಮೇಸ್ತ್ರಿ. ಅವನ ಪಕ್ಕದಲ್ಲಿ ಕೈಚೀಲ ಅವುಚಿಕೊಂಡ ಹೆಂಗಸು.

"ಭಾವ, ಈ ಸಲ ಹಳದಿ ಪುಡಿ ತಗೊಳ್ಳಿ."

"ಕೆಂಪು ಪುಡಿ ಎರಡು ಡಬ್ಬ ಹಾಗೇ ಬಿದ್ದಿದೆಯಲ್ಲಮ್ಮ."

"ಕ್ರೇನ್ ಕೊಕ್ಕೆಗೆ ನೀವು ಹೊಡೆಸಿರೋ ಬಣ್ಣವೂ ಕೆಂಪೇ."

"ಅದಕ್ಕೇನೀಗ? ಅಯಸ್ಕಾಂತ ಹಿಡಿದು ಈ ಕಬ್ಬಿಣದ ಪುಡಿ ಉದುರಿಸಿದ್ರೆ ಬಿರುಕಿದ್ದ ಕಡೆ ಅಂಟಿಕೊಳ್ಳುತ್ತೆ. ಯಾವ ಬಣ್ಣ ಆದ್ರೇನು?"

"ಅಂಟಿಕೊಂಡಿದ್ದು ಕಣ್ಣಿಗೆ ಬೀಳಬೇಡವಾ? ಕೆಂಪಿನ ಮೇಲೆ ಕೆಂಪು ಗೆರೆ ಯಾರಿಗೆ ಕಾಣುತ್ತೆ?"

"ಹೋದ ವಾರ ನೀನೇ ಪರೀಕ್ಷೆ ಮಾಡಿ ಬಿರುಕಿಲ್ಲ ಅಂದ್ಯಲ್ಲ!"

"ಕಾಣಲಿಲ್ಲ ಅಂದೆ. ಇಲ್ಲ ಅನ್ನಲಿಲ್ಲ."

"ಮತ್ತೆ ಪರೀಕ್ಷೆ ಅಂತ ಕ್ರೇನ್ ನಿಲ್ಲಿಸಿದ್ರೆ ಸಾಹುಕಾರ್ರು ನನ್ನನ್ನ ಹುರಿದು ಮುಕ್ಕಿಬಿಡ್ತಾರೆ."

"ಆಗಲೇ ನಿಲ್ಲಿಸಿ ಬಂದಿದ್ದೀನಿ. ಕೀ ಈ ಚೀಲದಲ್ಲಿದೆ."

ಮೇಸ್ತ್ರಿ ಚೀಲವನ್ನೇ ನೋಡಿದ.

"ಯಾರನ್ನ ಕೇಳಿ ನಿಲ್ಲಿಸಿದೆ?"

"ಯಾರನ್ನೂ ಕೇಳಲಿಲ್ಲ. ನಿಮ್ಮ ತಮ್ಮನಿಗೆ ಹೇಳಿ ಬಂದೆ. ದಿನಾ ಆ ಕೊಕ್ಕೆ ಕೆಳಗೆ ನಿಂತು ಕೆಲಸ ಮಾಡೋದು ಅವರೇ ತಾನೆ?"

ಅಷ್ಟರಲ್ಲಿ ಅವರ ಸರದಿ ಬಂತು. ಯಾವ ಬಣ್ಣ ಕೊಡಲಿ ಎಂದು ಅಂಗಡಿಯವನು ಕೇಳಿದ.

"ಹಳದಿ," ಎಂದ ಮೇಸ್ತ್ರಿ.

ಡಬ್ಬ ಕಂಕುಳಲ್ಲಿಟ್ಟುಕೊಂಡು ಬಾಗಿಲು ದಾಟುವಾಗ ಅವನ ದನಿ ತಗ್ಗಿತ್ತು.

"ಕೀ ಇಲ್ಲಿ ಕೊಡು. ಯಾರಾದ್ರೂ ಕೇಳಿದ್ರೆ ನಾನೇ ನಿಲ್ಲಿಸಿದೆ ಅಂತೀನಿ."

"ಹಾಗೇ ಹೇಳಿ ಭಾವ. ಕೀ ಮಾತ್ರ ಕೊಕ್ಕೆ ನೋಡಿದ ಮೇಲೇ ಕೊಡೋದು."